ಮೂರನೇ ಕ್ಲಾಸಿಗೆ ಬರಬೇಕಾದ ನೆರವು ಹತ್ತನೇ ಕ್ಲಾಸಿಗೆ ಏಕೆ ಬರುತ್ತದೆ?

ಬೆಂಗಳೂರಿನ ಶ್ರೀರಾಂಪುರದಲ್ಲಿ ನಮ್ಮ ಕಡೆಯಿಂದ ಹೋದವರ ಮನೆಗಳು ಬೇಕಾದಷ್ಟಿವೆ. ಗಾರ್ಮೆಂಟ್ಸ್‌ಗೆ ಹೋಗುವವರು, ಗಾರೆ ಕೆಲಸದವರು, ಆಟೊ ಓಡಿಸುವವರು. ಕೆಲಸದ ಮೇಲೆ ಬೆಂಗಳೂರಿಗೆ ಹೋಗಿದ್ದಾಗ ಅಂಥದ್ದೇ ಒಂದು ಮನೆಯಲ್ಲಿ ನಾವು ಕಾಫಿ ಕುಡಿಯುತ್ತ ಕೂತಿದ್ದೆವು. ಮನೆಯಾಕೆ ಮಗನ ನೋಟ್‌ಬುಕ್ ತಂದು ಮುಂದಿಟ್ಟರು. ಹುಡುಗ ಒಂಬತ್ತನೇ ಕ್ಲಾಸು.

“ಅಣ್ಣಾ, ನೀವು ಪೇಪರಿನವರು, ನಾಲ್ಕು ಕಡೆ ಓಡಾಡ್ತೀರ. ಇದನ್ನ ಒಂದ್ಸಲ ನೋಡಿ. ಇವನು ದಡ್ಡ ಅಲ್ಲ. ಆದ್ರೆ ಓದಕ್ಕೆ ಬರಲ್ಲ.”

ನೋಟ್‌ಬುಕ್ ತಿರುವಿದೆವು. ‘ಬಟ್ಟೆ’ ಇದ್ದಲ್ಲಿ ‘ಬಟೆ’. ‘ಕಾಗೆ’ ಇದ್ದಲ್ಲಿ ‘ಕಗೆ’. ಒತ್ತುಗಳೇ ಇಲ್ಲ, ದೀರ್ಘಗಳು ಬಂದರೆ ಬಂದವು, ಹೋದರೆ ಹೋದವು. ಒಂದೇ ಪುಟದಲ್ಲಿ ಒಂದೇ ಪದ ಮೂರು ಥರ. ಆದರೆ ಪಾಠದಲ್ಲಿ ಏನಿದೆ ಎಂದು ಕೇಳಿದರೆ ಹುಡುಗ ಮೊದಲಿನಿಂದ ಕೊನೆಯವರೆಗೆ ಬಾಯಲ್ಲಿ ಹೇಳಿದ. ಮೇಷ್ಟ್ರು ಓದಿದ್ದನ್ನು ಕೇಳಿ ನೆನಪಿಟ್ಟುಕೊಂಡಿದ್ದ. ಮನೆಯ ಮಿಕ್ಸಿ ಕೆಟ್ಟರೆ ಬಿಚ್ಚಿ ಸರಿ ಮಾಡುವವನು ಅವನೇ.

“ಮುಂದಿನ ವರ್ಷ ಎಸ್ಸೆಸ್ಸೆಲ್ಸಿ. ಅದೇನೋ ಸರ್ಟಿಫಿಕೇಟ್ ತಂದ್ರೆ ಪರೀಕ್ಷೆಲಿ ಸಹಾಯ ಸಿಗುತ್ತಂತೆ, ಹೌದಾ?” ಎಂದು ಅವರು ಕೇಳಿದರು.

ಹೌದು, ಸಿಗುತ್ತದೆ. ಆದರೆ ನಮ್ಮನ್ನು ಕಾಡಿದ್ದು ಬೇರೆ ಪ್ರಶ್ನೆ. ಈ ಹುಡುಗ ಒಂಬತ್ತು ವರ್ಷ ಶಾಲೆಯಲ್ಲಿ ಕೂತಿದ್ದಾನೆ. ಒಂಬತ್ತು ವರ್ಷದಲ್ಲಿ ಯಾರೂ ಹೇಳದ ಮಾತು ಈಗ, ಕೊನೆಯ ಗಳಿಗೆಯಲ್ಲಿ, ಪರೀಕ್ಷೆಯ ಭಯದಿಂದ ಏಕೆ ಕಿವಿಗೆ ಬೀಳುತ್ತಿದೆ? ಉತ್ತರ ಹುಡುಕುತ್ತ ಹೋದರೆ ಅದು ನೂರು ವರ್ಷಕ್ಕೂ ಹಳೆಯ ಕಥೆ.

ಗಿರಣಿ ಇದ್ದ ಕಾಲ

ಶ್ರೀರಾಂಪುರ ಇರುವುದು ರೈಲು ಹಳಿಯ ಈಚೆಗೆ. ಹಳಿ ದಾಟಿದರೆ ಮಲ್ಲೇಶ್ವರ. 1898ರಲ್ಲಿ ಪ್ಲೇಗು ಬಂದು ಪೇಟೆಯ ಜನ ಊರಾಚೆ ಓಡಿದ ಮೇಲೆ ಮಲ್ಲೇಶ್ವರ, ಬಸವನಗುಡಿಯಂಥ ಬಡಾವಣೆಗಳು ಬೆಳೆದವು. ಅಲ್ಲಿ ಅಗಲ ರಸ್ತೆ, ಶಾಲೆ, ಕಾಲೇಜು, ಗುಡಿ. ಈಚೆ ಕಡೆ ಶ್ರೀರಾಂಪುರ ಗಿರಣಿ ಕಾರ್ಮಿಕರ ಊರು. ಹತ್ತಿರದಲ್ಲೇ ರಾಜಾ ಮಿಲ್ಲು. ಮಾಗಡಿ ರಸ್ತೆಯ ಕಡೆಗೆ ಮಿನರ್ವ ಮಿಲ್ಲು, ಬಿನ್ನಿ ಮಿಲ್ಲು. ಮನೆಯೊಳಗೆ ತಮಿಳು, ತೆಲುಗು, ಉರ್ದು, ಕನ್ನಡ ಎಲ್ಲ ಮಾತೂ ಇತ್ತು, ಈಗಲೂ ಇದೆ.

ಆ ಕಾಲದಲ್ಲಿ ‘ಓದು ಹತ್ತದ’ ಹುಡುಗನಿಗೆ ಗಿರಣಿ ಇತ್ತು. ನಮ್ಮ ಹಳ್ಳಿಗಳಲ್ಲಿ ಹೊಲ ಇದ್ದ ಹಾಗೆ. ನಾಲ್ಕನೇ ಕ್ಲಾಸು ಫೇಲಾದರೆ ಅಪ್ಪನ ಜೊತೆ ಕೆಲಸಕ್ಕೆ ಹೋದ, ಅಲ್ಲಿಗೆ ಮುಗಿಯಿತು. ಅವನಿಗೆ ಅಕ್ಷರ ಏಕೆ ಹತ್ತಲಿಲ್ಲ ಎಂದು ಕೇಳುವ ಅಗತ್ಯ ಯಾರಿಗೂ ಬರಲಿಲ್ಲ. ಮಗ್ಗಕ್ಕೂ ನೇಗಿಲಿಗೂ ಒತ್ತಕ್ಷರ ಬೇಕಿರಲಿಲ್ಲ.

ಗಿರಣಿಗಳು ಒಂದೊಂದಾಗಿ ಮುಚ್ಚಿದವು. ರಾಜಾ ಮಿಲ್ಲಿನ ಜಾಗದಲ್ಲಿ ಈಗ ಮಂತ್ರಿ ಮಾಲ್ ನಿಂತಿದೆ. ಮಾಲಿನಲ್ಲಿ ಸೆಕ್ಯೂರಿಟಿ ಕೆಲಸಕ್ಕೂ ಬಂದುಹೋದವರ ಹೆಸರು ಬರೆಯಬೇಕು. ಪಾರ್ಸೆಲ್ ಹಂಚುವವನು ವಿಳಾಸ ಓದಬೇಕು. ಐಟಿಐ ಸೇರಲು ಎಸ್ಸೆಸ್ಸೆಲ್ಸಿ ಕೇಳುತ್ತಾರೆ. ಓದು ಬಾರದವನಿಗೆ ಹಿಂದೆ ಇದ್ದ ಹಿತ್ತಿಲ ಬಾಗಿಲು ಮುಚ್ಚಿಹೋಗಿದೆ. ಇವತ್ತು ಈ ವಿಷಯ ದೊಡ್ಡದಾಗಿ ಕಾಣುವುದಕ್ಕೆ ಇದೇ ಕಾರಣ. ಇಂಥ ಮಕ್ಕಳು ಹಿಂದೆಯೂ ಇದ್ದರು. ಈಗ ಅವರಿಗೆ ಹೋಗಲು ಜಾಗವಿಲ್ಲ.

ಇಂಗ್ಲೆಂಡಿನ ಒಬ್ಬ ಹುಡುಗ

ಬೆಂಗಳೂರಿಗೆ ಪ್ಲೇಗು ಬರುವ ಎರಡು ವರ್ಷ ಮೊದಲು, 1896ರಲ್ಲಿ, ಇಂಗ್ಲೆಂಡಿನ ಪ್ರಿಂಗಲ್ ಮಾರ್ಗನ್ ಎಂಬ ವೈದ್ಯ ಅಲ್ಲಿನ ವೈದ್ಯಕೀಯ ಪತ್ರಿಕೆಯೊಂದರಲ್ಲಿ 14 ವರ್ಷದ ಹುಡುಗನೊಬ್ಬನ ಬಗ್ಗೆ ಬರೆದ. ಹುಡುಗನ ಹೆಸರು ಪರ್ಸಿ. ಚುರುಕು, ಆಟದಲ್ಲಿ ಮುಂದು, ಕಣ್ಣು ಸರಿ, ಲೆಕ್ಕ ಬರುತ್ತದೆ. ಆದರೆ ಎಷ್ಟು ವರ್ಷ ಕಲಿಸಿದರೂ ಓದು ಬರುವುದಿಲ್ಲ. ತನ್ನ ಹೆಸರನ್ನೇ ಅಕ್ಷರ ಹಿಂದೆಮುಂದೆ ಮಾಡಿ ಬರೆಯುತ್ತಿದ್ದ. ಪಾಠವೆಲ್ಲ ಬಾಯಿಮಾತಿನಲ್ಲೇ ನಡೆಯುವುದಾದರೆ ಶಾಲೆಗೇ ಇವನು ಜಾಣ ಎಂದು ಅವನ ಮೇಷ್ಟ್ರೇ ಹೇಳಿದ್ದರಂತೆ.

ಓದುಗರೇ, ಶ್ರೀರಾಂಪುರದ ಹುಡುಗನ ನೋಟ್‌ಬುಕ್ ನೋಡಿದ ಮೇಲೆ ಇದನ್ನು ಓದಿ ನಮಗೆ ಒಂದು ಕ್ಷಣ ಮಾತು ಬರಲಿಲ್ಲ. ದೇಶ ಬೇರೆ, ಭಾಷೆ ಬೇರೆ, ಕಾಲ ಬೇರೆ. ಮೇಷ್ಟ್ರ ಮಾತು ಮಾತ್ರ ಅದೇ.

ಡಿಸ್ಲೆಕ್ಸಿಯಾ ಎಂಬ ಹೆಸರನ್ನು ಅದಕ್ಕೂ ಮೊದಲೇ, 1887ರಲ್ಲಿ, ಜರ್ಮನಿಯ ಕಣ್ಣಿನ ವೈದ್ಯ ರುಡಾಲ್ಫ್ ಬರ್ಲಿನ್ ಬಳಸಿದ್ದ. ಆತ ಹೇಳಿದ್ದು ಮಿದುಳಿಗೆ ಏಟು ಬಿದ್ದು ಓದು ಮರೆತ ದೊಡ್ಡವರ ಬಗ್ಗೆ. ಹುಟ್ಟಿನಿಂದಲೇ ಹೀಗಿರುವ ಮಕ್ಕಳಿಗೂ ಆಮೇಲೆ ಅದೇ ಹೆಸರು ಬಂತು. ಬರವಣಿಗೆಯಲ್ಲಿ ಬರುವ ತೊಂದರೆಗೆ ಡಿಸ್‌ಗ್ರಾಫಿಯಾ, ಲೆಕ್ಕದಲ್ಲಿ ಬರುವ ತೊಂದರೆಗೆ ಡಿಸ್‌ಕ್ಯಾಲ್ಕುಲಿಯಾ ಎನ್ನುತ್ತಾರೆ. ಈ ಎಲ್ಲವನ್ನೂ ಸೇರಿಸಿ ‘ಕಲಿಕಾ ನ್ಯೂನತೆ’ ಎಂಬ ಹೆಸರು ಚಾಲ್ತಿಗೆ ಬಂದದ್ದು 1963ರಲ್ಲಿ. ಅಮೆರಿಕದ ಷಿಕಾಗೋದಲ್ಲಿ ಸೇರಿದ್ದ ತಂದೆತಾಯಂದಿರ ಸಭೆಯಲ್ಲಿ ಸ್ಯಾಮ್ಯುಯೆಲ್ ಕರ್ಕ್ ಎಂಬ ಶಿಕ್ಷಣ ತಜ್ಞ ಈ ಹೆಸರಿನಲ್ಲಿ ಮಾತಾಡಿದ. ಹೆಸರು ಸಿಕ್ಕಿದ ಮೇಲೆ ಆ ಹೆತ್ತವರು ಸಂಘ ಕಟ್ಟಿ ಸರ್ಕಾರದ ಬೆನ್ನು ಬಿದ್ದರು. 1969ರಲ್ಲಿ ಅಲ್ಲಿ ಇದಕ್ಕಾಗಿಯೇ ಒಂದು ಕಾನೂನು ಬಂತು. ಅದು ಕೇಳಿದ್ದು ಪರೀಕ್ಷೆಯಲ್ಲಿ ವಿನಾಯಿತಿ ಅಲ್ಲ, ಈ ಮಕ್ಕಳಿಗೆ ಬೇರೆ ರೀತಿಯಲ್ಲಿ ಕಲಿಸಬಲ್ಲ ಶಿಕ್ಷಕರು.

ಈ ವ್ಯತ್ಯಾಸವನ್ನು ನೆನಪಿಟ್ಟುಕೊಳ್ಳಿ. ನಮ್ಮಲ್ಲಿ ಕಥೆ ಉಲ್ಟಾ ನಡೆಯಿತು.

ಕಣ್ಣಿಗೆ ಕಂಡದ್ದಕ್ಕೆ ಮೊದಲು ನೆರವು

ನಮ್ಮ ನಾಡು ಈ ವಿಷಯದಲ್ಲಿ ಹಿಂದೆ ಬಿದ್ದದ್ದಲ್ಲ. ಮೈಸೂರಿನಲ್ಲಿ ಕಿವುಡ ಮತ್ತು ಅಂಧ ಮಕ್ಕಳ ಶಾಲೆ 1901ರಲ್ಲೇ ಶುರುವಾಯಿತು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1913ರಲ್ಲಿ, ಮೈಸೂರು ಸಂಸ್ಥಾನ ಪ್ರಾಥಮಿಕ ಶಿಕ್ಷಣದ ಕಾನೂನು ತಂದು ಆಯ್ದ ಊರುಗಳಲ್ಲಿ ಮಕ್ಕಳನ್ನು ಶಾಲೆಗೆ ಕಳಿಸುವುದನ್ನು ಕಡ್ಡಾಯ ಮಾಡಿತು. ಅಂದರೆ ಎಲ್ಲ ಮಕ್ಕಳೂ ಶಾಲೆಗೆ ಬರಬೇಕು ಎಂಬ ಮಾತು ನಮಗೆ ನೂರು ವರ್ಷ ಹಳೆಯದು. ಬಂದ ಮಕ್ಕಳೆಲ್ಲ ಒಂದೇ ಥರ ಕಲಿಯುವುದಿಲ್ಲ ಎಂಬ ಮಾತು ಮಾತ್ರ ತೀರಾ ಹೊಸದು.

ಸ್ವಾತಂತ್ರ್ಯ ಬಂದ ಮೇಲೂ ನೆರವು ಹೋದದ್ದು ಕಣ್ಣಿಗೆ ಕಾಣುವ ಅಂಗವೈಕಲ್ಯಕ್ಕೆ. 1974ರಲ್ಲಿ ಕೇಂದ್ರ ಸರ್ಕಾರ ಅಂಗವಿಕಲ ಮಕ್ಕಳನ್ನು ಸಾಮಾನ್ಯ ಶಾಲೆಯಲ್ಲೇ ಓದಿಸುವ ಯೋಜನೆ ತಂದಿತು. 1995ರಲ್ಲಿ ಅಂಗವಿಕಲರ ಮೊದಲ ದೊಡ್ಡ ಕಾನೂನು ಬಂತು. ಅದರಲ್ಲಿ ಏಳು ಬಗೆ ಇದ್ದವು: ಕುರುಡು, ಮಂದ ದೃಷ್ಟಿ, ಕುಷ್ಠದಿಂದ ಗುಣವಾದವರು, ಕಿವುಡು, ಕೈಕಾಲಿನ ಊನ, ಬುದ್ಧಿಮಾಂದ್ಯ, ಮಾನಸಿಕ ಅಸ್ವಸ್ಥತೆ. ಓದಲು ಬಾರದ ಜಾಣ ಮಗು ಈ ಏಳರಲ್ಲಿ ಎಲ್ಲೂ ಇರಲಿಲ್ಲ.

ಹಾಗಾಗಿ ಆ ಮಗುವಿಗೆ ಶಾಲೆಯಲ್ಲಿ ಒಂದೇ ಹೆಸರು ಉಳಿಯಿತು: ದಡ್ಡ. ಇಲ್ಲವಾದರೆ ಸೋಮಾರಿ. ಶ್ರೀರಾಂಪುರದಂಥ ಕಡೆ ಇನ್ನೊಂದು ಸಬೂಬೂ ಸುಲಭಕ್ಕೆ ಸಿಗುತ್ತಿತ್ತು. “ಮನೇಲಿ ತಮಿಳು, ಇಲ್ಲಿ ಕನ್ನಡ, ಅದಕ್ಕೇ ಬರಲ್ಲ.” ಗಡಿ ಜಿಲ್ಲೆಗಳ ಮಕ್ಕಳಿಗೆ, ಲಂಬಾಣಿ ತಾಂಡಾದ ಮಕ್ಕಳಿಗೆ ಈ ಮಾತು ಹೊಸದಲ್ಲ. ಮನೆಮಾತು ಬೇರೆಯಾದರೆ ಮೊದಮೊದಲು ಕಷ್ಟ ನಿಜ. ಆದರೆ ಅದೇ ಬೀದಿಯ, ಅದೇ ಮನೆಮಾತಿನ ಬೇರೆ ಮಕ್ಕಳು ಓದು ಕಲಿತು ಇವನೊಬ್ಬ ಉಳಿದರೆ ಕಾರಣ ಬೇರೆಯೇ ಇರಬೇಕು.

ಅಳತೆಗೋಲು ಹುಟ್ಟಿದ್ದು ಬೆಂಗಳೂರಲ್ಲೇ

ಕಲಿಕಾ ನ್ಯೂನತೆ ಇದೆಯೋ ಇಲ್ಲವೋ ಎಂದು ತಿಳಿಯಲು ರಕ್ತ ಪರೀಕ್ಷೆ ಇಲ್ಲ, ಸ್ಕ್ಯಾನಿಂಗ್ ಇಲ್ಲ. ಮಗುವನ್ನು ಎದುರಿಗೆ ಕೂರಿಸಿಕೊಂಡು ಓದಿಸಿ, ಬರೆಸಿ, ಲೆಕ್ಕ ಮಾಡಿಸಿ, ನೆನಪು, ಗಮನ ಎಲ್ಲ ನೋಡಬೇಕು. ಜೊತೆಗೆ ಬುದ್ಧಿಮಟ್ಟ, ಕಣ್ಣು, ಕಿವಿ ಸರಿ ಇದೆಯೇ ಎಂದೂ ನೋಡಬೇಕು. ಇದಕ್ಕೊಂದು ಅಳತೆಗೋಲು ಬೇಕು.

ನಮ್ಮ ದೇಶದಲ್ಲಿ ಹೆಚ್ಚು ಬಳಕೆಯಲ್ಲಿರುವ ಅಳತೆಗೋಲು ತಯಾರಾದದ್ದು ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ. 1990ರ ದಶಕದಲ್ಲಿ ಅಲ್ಲಿನ ಮಾಲವಿಕಾ ಕಪೂರ್, ಉಮಾ ಹಿರಿಸಾವೆ ಮೊದಲಾದ ಮಕ್ಕಳ ಮನಶ್ಶಾಸ್ತ್ರಜ್ಞರು ಅದನ್ನು ರೂಪಿಸಿದರು. ಐದರಿಂದ ಏಳು ವರ್ಷದ ಮಕ್ಕಳಿಗೆ ಒಂದು ಹಂತ, ಎಂಟರಿಂದ ಹನ್ನೆರಡು ವರ್ಷದವರಿಗೆ ಇನ್ನೊಂದು. ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲಿ ಕನ್ನಡ ಓದಿಗೆಂದೇ ಪರೀಕ್ಷೆ ತಯಾರಾಯಿತು. 2015ರಲ್ಲಿ ಹರಿಯಾಣದ ಮಾನೇಸರ್‌ನಲ್ಲಿರುವ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರ ‘ಡಾಲಿ’ ಎಂಬ ಸಲಕರಣೆ ಹೊರತಂದಿತು. ಅದರಲ್ಲಿ ಹಿಂದಿ, ಮರಾಠಿ, ಇಂಗ್ಲಿಷ್ ಜೊತೆ ಕನ್ನಡವೂ ಇದೆ.

ಕನ್ನಡಕ್ಕೆ ಬೇರೆ ಪರೀಕ್ಷೆ ಏಕೆ ಬೇಕು? ನಮ್ಮ ಅಕ್ಷರದ ಗುಣವೇ ಬೇರೆ. ಇಂಗ್ಲಿಷಿನಲ್ಲಿ ಅಕ್ಷರ 26. ಕಲಿಯುವುದು ಬೇಗ, ಆದರೆ ಬರೆದದ್ದೊಂದು, ಓದುವುದೊಂದು. ಕನ್ನಡದಲ್ಲಿ ಬರೆದ ಹಾಗೆ ಓದುತ್ತೇವೆ, ಆದರೆ ವರ್ಣಮಾಲೆಯ 49 ಅಕ್ಷರ ಬರೀ ಶುರು. 34 ವ್ಯಂಜನಕ್ಕೆ ಕಾಗುಣಿತ ಸೇರಿಸಿದರೆ ರೂಪಗಳು ನಾನೂರು ದಾಟುತ್ತವೆ. ಅದರ ಮೇಲೆ ಒತ್ತಕ್ಷರ. ‘ಕ’ ಗೊತ್ತಿದ್ದರೆ ಸಾಲದು, ‘ಕಿ’, ‘ಕೀ’, ‘ಕ್ಕ’, ‘ಕ್ಷ’ ಎಲ್ಲ ಕಣ್ಣಿಗೆ ಹಿಡಿಯಬೇಕು.

ಬೆಂಗಳೂರಿನ ಪ್ರಾಮಿಸ್ ಫೌಂಡೇಶನ್‌ನ ಸೋನಾಲಿ ನಾಗ್ ಕನ್ನಡ ಮಕ್ಕಳ ಓದಿನ ಬಗ್ಗೆ 2007ರಲ್ಲಿ ಪ್ರಕಟಿಸಿದ ಅಧ್ಯಯನ ಈ ಮಾತಿಗೆ ಆಧಾರ. ಕನ್ನಡದ ಅಕ್ಷರ ಕಲಿಕೆ ಒಂದೆರಡು ವರ್ಷದಲ್ಲಿ ಮುಗಿಯುವುದಿಲ್ಲ, ನಾಲ್ಕನೇ ತರಗತಿಯವರೆಗೂ ನಡೆಯುತ್ತಲೇ ಇರುತ್ತದೆ. ನಮ್ಮ ಶಾಲೆಗಳಲ್ಲಿ ಮೂರನೇ ಕ್ಲಾಸಿಗೆ ಬಂದರೆ ‘ಅಕ್ಷರ ಮುಗೀತು, ಈಗ ಪಾಠ’ ಎನ್ನುತ್ತಾರೆ. ನಿಧಾನ ಕಲಿಯುವ ಮಗು ಅಲ್ಲೇ ಕೈತಪ್ಪುತ್ತದೆ. ಕಲಿಕಾ ನ್ಯೂನತೆ ಇರುವ ಮಗುವಂತೂ ಅಲ್ಲಿಂದ ಮುಂದೆ ಕ್ಲಾಸಿನಲ್ಲಿ ಇದ್ದೂ ಇಲ್ಲದಂತೆ.

1995ರ ಸುಮಾರಿಗೆ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಶಿಕ್ಷಕರು ಯುನಿಸೆಫ್ ಸಹಾಯದಿಂದ ಶುರು ಮಾಡಿದ ‘ನಲಿ ಕಲಿ’ ನೆನಪಿದೆಯೇ? ಮಗು ತನ್ನ ವೇಗದಲ್ಲಿ ಮೆಟ್ಟಿಲು ಹತ್ತಬೇಕು ಎಂಬುದೇ ಅದರ ಜೀವ. ಈ ಮಕ್ಕಳಿಗೆ ಬೇಕಾದ ಬುದ್ಧಿವಂತಿಕೆಯ ಅರ್ಧ ನಮ್ಮ ಹಳ್ಳಿ ಶಾಲೆಯ ಶಿಕ್ಷಕರಿಗೆ ಆಗಲೇ ಗೊತ್ತಿತ್ತು. ಉಳಿದರ್ಧ, ಅಂದರೆ ಮೆಟ್ಟಿಲಲ್ಲೇ ನಿಂತುಬಿಟ್ಟ ಮಗುವನ್ನು ಗುರುತಿಸಿ ಬೇರೆ ದಾರಿಯಲ್ಲಿ ಕಲಿಸುವುದು, ಅವರಿಗೆ ಯಾರೂ ಹೇಳಿಕೊಡಲಿಲ್ಲ.

ಪರೀಕ್ಷೆಯ ಬಾಗಿಲಿನಿಂದ ಬಂದ ನೆರವು

ಹಾಗಾದರೆ ನೆರವು ಎಲ್ಲಿಂದ ಬಂತು? ಪರೀಕ್ಷಾ ಮಂಡಳಿಗಳಿಂದ. 1996ರಲ್ಲಿ ಮಹಾರಾಷ್ಟ್ರ ಸರ್ಕಾರ ಕಲಿಕಾ ನ್ಯೂನತೆ ಇರುವ ಮಕ್ಕಳಿಗೆ ಪರೀಕ್ಷೆಯಲ್ಲಿ ರಿಯಾಯಿತಿ ಕೊಟ್ಟಿತು. ಹೆಚ್ಚು ಸಮಯ, ಬರೆಯಲು ಇನ್ನೊಬ್ಬರು, ಭಾಷೆಯಲ್ಲಿ ವಿನಾಯಿತಿ. ಮುಂಬೈ, ಮದ್ರಾಸುಗಳಲ್ಲಿ ಪೋಷಕರು ಮತ್ತು ವೈದ್ಯರು ಸೇರಿ ಸಂಘ ಕಟ್ಟಿ ಓಡಾಡಿದ್ದರ ಫಲ ಇದು. ಮುಂದೆ ಬೇರೆ ಮಂಡಳಿಗಳೂ ಇದೇ ದಾರಿ ಹಿಡಿದವು. ನಮ್ಮ ಎಸ್ಸೆಸ್ಸೆಲ್ಸಿ ಮಂಡಳಿಯೂ ಹಿಡಿಯಿತು.

ಆ ಮಂಡಳಿಯ ಕಚೇರಿ ಇರುವುದು ಮಲ್ಲೇಶ್ವರದ 6ನೇ ಕ್ರಾಸಿನಲ್ಲಿ. ಶ್ರೀರಾಂಪುರದಿಂದ ಹಳಿ ದಾಟಿದರೆ ನಡೆದೇ ಹೋಗುವಷ್ಟು ದೂರ. ಇಡೀ ರಾಜ್ಯದ ಹತ್ತನೇ ಕ್ಲಾಸಿನ ಮಕ್ಕಳ ಹಣೆಬರಹ ಬರೆಯುವ ಕಟ್ಟಡ ಅದು. ಎಸ್ಸೆಸ್ಸೆಲ್ಸಿ ವೇಳಾಪಟ್ಟಿಯನ್ನು ಗಮನವಿಟ್ಟು ನೋಡಿದ್ದರೆ ನಿಮಗೂ ಕಂಡಿರುತ್ತದೆ: ಗಣಿತದ ದಿನ ಪಕ್ಕದಲ್ಲೇ ಸಮಾಜಶಾಸ್ತ್ರ ಎಂದು, ವಿಜ್ಞಾನದ ದಿನ ರಾಜ್ಯಶಾಸ್ತ್ರ, ಕರ್ನಾಟಕ ಸಂಗೀತ, ಹಿಂದೂಸ್ತಾನಿ ಸಂಗೀತ ಎಂದು ಅಚ್ಚಾಗಿರುತ್ತದೆ. ಇದೇನು ಎಂದು ನಾವು ಚಿಕ್ಕವರಿದ್ದಾಗ ಬೆರಗಾಗುತ್ತಿದ್ದೆವು. ಅವು ವಿಶೇಷ ಅಗತ್ಯವುಳ್ಳ ಮಕ್ಕಳಿಗೆ ಇರುವ ಪರ್ಯಾಯ ವಿಷಯಗಳು.

2007ರ ಡಿಸೆಂಬರ್‌ನಲ್ಲಿ ಆಮಿರ್ ಖಾನ್ ಅವರ ‘ತಾರೇ ಜಮೀನ್ ಪರ್’ ಸಿನಿಮಾ ಬಂತು. ಡಿಸ್ಲೆಕ್ಸಿಯಾ ಎಂಬ ಪದವನ್ನು ಮನೆಮನೆಗೆ ತಂದದ್ದು ಅದೇ. ಆದರೆ ಆ ಸಿನಿಮಾದ ಹುಡುಗ ಬೋರ್ಡಿಂಗ್ ಶಾಲೆಗೆ ಹೋಗುವಷ್ಟು ಅನುಕೂಲಸ್ಥರ ಮನೆಯವನು. ಹೀಗಾಗಿ ಇದು ಇಂಗ್ಲಿಷ್ ಶಾಲೆಯ ಮಕ್ಕಳ ಕಾಯಿಲೆ ಎಂಬ ಭಾವನೆಯೂ ನಮ್ಮಲ್ಲಿ ಬೆಳೆಯಿತು.

ರಿಯಾಯಿತಿ ತಪ್ಪಲ್ಲ. ಕಾಲಿಲ್ಲದವನಿಗೆ ಊರುಗೋಲು ಕೊಟ್ಟ ಹಾಗೆ ಅದು ಹಕ್ಕು. ಆದರೆ ಅದು ಪರೀಕ್ಷೆಯ ದಿನದ ನೆರವು. ಮಗುವಿಗೆ ಓದು ಕಲಿಸುವುದಿಲ್ಲ. ಮೇಲಾಗಿ ರಿಯಾಯಿತಿ ಸಿಗಬೇಕಾದರೆ ಸರ್ಟಿಫಿಕೇಟ್ ಬೇಕು, ಸರ್ಟಿಫಿಕೇಟಿಗೆ ಪರೀಕ್ಷೆ ಮಾಡಿಸಬೇಕು, ಅದಕ್ಕೆ ಮೊದಲು ಇಂಥದ್ದೊಂದು ಇದೆ ಎಂದು ಗೊತ್ತಿರಬೇಕು. ಗೊತ್ತಿದ್ದವರು ಖಾಸಗಿ ಮನಶ್ಶಾಸ್ತ್ರಜ್ಞರ ಹತ್ತಿರ ಹೋದರು, ಮನೆಗೆ ವಿಶೇಷ ಶಿಕ್ಷಕರನ್ನು ಕರೆಸಿಕೊಂಡರು, ಹತ್ತನೇ ಕ್ಲಾಸಿಗೆ ಬರುವ ಹೊತ್ತಿಗೆ ತಯಾರಾಗಿದ್ದರು. ಹಳಿಯ ಆಚೆಗೂ ಈಚೆಗೂ ಇರುವ ಅಂತರ ಅದೇ. ಹಳ್ಳಿಯಲ್ಲಿರುವವರಿಗೆ ಈ ಅಂತರ ನೂರಾರು ಕಿಲೋಮೀಟರ್.

2016ರ ಕಾಯ್ದೆ ಹೇಳಿದ್ದು

2016ರ ಡಿಸೆಂಬರ್‌ನಲ್ಲಿ ಸಂಸತ್ತು ಅಂಗವಿಕಲರ ಹಕ್ಕುಗಳ ಹೊಸ ಕಾಯ್ದೆಯನ್ನು ಒಪ್ಪಿತು. 2017ರ ಏಪ್ರಿಲ್ 19ರಿಂದ ಅದು ಜಾರಿಯಲ್ಲಿದೆ. ಏಳು ಇದ್ದ ಬಗೆಗಳು 21 ಆದವು. ‘ನಿರ್ದಿಷ್ಟ ಕಲಿಕಾ ನ್ಯೂನತೆ’ ಮೊದಲ ಬಾರಿಗೆ ಪಟ್ಟಿಗೆ ಬಂತು.

ಈ ಕಾಯ್ದೆಯಲ್ಲಿ ಎರಡು ಬೇರೆ ಬೇರೆ ಮಾತುಗಳಿವೆ. 17ನೇ ಕಲಮಿನಲ್ಲಿ ಪರೀಕ್ಷೆಯ ಮಾತು: ಹೆಚ್ಚುವರಿ ಸಮಯ, ಬರೆಯಲು ಸಹಾಯಕರು, ಎರಡನೇ ಮತ್ತು ಮೂರನೇ ಭಾಷೆಯಿಂದ ವಿನಾಯಿತಿ. 16ನೇ ಕಲಮಿನಲ್ಲಿ ಪಾಠದ ಮಾತು: ಮಕ್ಕಳ ಕಲಿಕಾ ನ್ಯೂನತೆಯನ್ನು ಆದಷ್ಟು ಬೇಗ ಪತ್ತೆ ಹಚ್ಚಿ, ಅದನ್ನು ದಾಟಲು ತಕ್ಕ ಬೋಧನಾ ಕ್ರಮ ಕೈಗೊಳ್ಳಬೇಕು. ಊರಿನಲ್ಲಿ ಯಾರನ್ನು ಕೇಳಿದರೂ 17ನೇ ಕಲಮಿನ ವಿಷಯ ಅಷ್ಟಿಷ್ಟು ಗೊತ್ತಿರುತ್ತದೆ. 16ನೇ ಕಲಮನ್ನು ಕೇಳಿದವರೇ ಕಡಿಮೆ.

2018ರ ಜನವರಿಯಲ್ಲಿ ಕೇಂದ್ರ ಸರ್ಕಾರ ಇದಕ್ಕೆ ಮಾರ್ಗಸೂಚಿ ಹೊರಡಿಸಿತು. ಮೂರನೇ ತರಗತಿ ಅಥವಾ ಎಂಟು ವರ್ಷದ ಹೊತ್ತಿಗೆ ಶಿಕ್ಷಕರೇ ಮೊದಲ ತಪಾಸಣೆ ಮಾಡಬೇಕು. ಸರ್ಕಾರಿ ಇರಲಿ, ಖಾಸಗಿ ಇರಲಿ, ಪ್ರತಿ ಶಾಲೆಯಲ್ಲೂ ಮುಖ್ಯ ಶಿಕ್ಷಕರ ನೇತೃತ್ವದಲ್ಲಿ ಒಂದು ಸಮಿತಿ ಇರಬೇಕು. ಅನುಮಾನ ಇರುವ ಮಗುವನ್ನು ಮಕ್ಕಳ ವೈದ್ಯರಿಗೆ, ಅಲ್ಲಿಂದ ಮನಶ್ಶಾಸ್ತ್ರಜ್ಞರಿಗೆ ಕಳಿಸಬೇಕು. ಅಳತೆಗೆ ಸರ್ಕಾರ ಹೆಸರಿಸಿದ್ದು ನಿಮ್ಹಾನ್ಸ್‌ನ ಪರೀಕ್ಷೆಯನ್ನೇ. ಎಂಟು ವರ್ಷ ತುಂಬಿದ ಮೇಲೆ ಸರ್ಟಿಫಿಕೇಟ್, 14ಕ್ಕೆ ಮತ್ತು 18ಕ್ಕೆ ಮರುಪರೀಕ್ಷೆ. 18ರಲ್ಲಿ ಕೊಟ್ಟದ್ದು ಜೀವನಪೂರ್ತಿ ಎಂದಿತು ಆ ಮಾರ್ಗಸೂಚಿ. 2024ರಲ್ಲಿ ಅದನ್ನು ಪರಿಷ್ಕರಿಸಿದ್ದಾರೆ.

ನಮ್ಮ ಹುಡುಗ ಎಂಟು ವರ್ಷದವನಾಗಿದ್ದಾಗ ಈ ಮಾರ್ಗಸೂಚಿ ಇತ್ತು. ಅವನ ತಪಾಸಣೆ ಮಾತ್ರ ನಡೆಯಲಿಲ್ಲ. ಕಾಗದದಲ್ಲಿ ಮೂರನೇ ಕ್ಲಾಸು, ನಡೆದದ್ದು ಒಂಬತ್ತನೇ ಕ್ಲಾಸಿನಲ್ಲಿ, ಅದೂ ಅಮ್ಮನೇ ಕೇಳಿದ ಮೇಲೆ.

ಕಲಿಸುವವರು ಎಲ್ಲಿ?

ಮೇಷ್ಟ್ರನ್ನು ಬೈದು ಪ್ರಯೋಜನವಿಲ್ಲ. ಒಬ್ಬರೇ ಶಿಕ್ಷಕರು ಎರಡು ಮೂರು ಕ್ಲಾಸು ಸೇರಿಸಿ ನಡೆಸುವ ಶಾಲೆಗಳು ನಮ್ಮ ತಾಲ್ಲೂಕುಗಳಲ್ಲಿ ಎಷ್ಟಿವೆ ಎಂದು ನಿಮಗೇ ಗೊತ್ತು. ಬಿಸಿಯೂಟ, ಹಾಲು, ಮೊಟ್ಟೆ, ಗಣತಿ, ಚುನಾವಣೆ ಎಲ್ಲ ಅವರ ತಲೆ ಮೇಲೆ.

ಈ ಮಕ್ಕಳಿಗೆ ಕಲಿಸಲು ಬೇರೆ ತರಬೇತಿ ಬೇಕು. ಮರಳಿನ ಮೇಲೆ ಅಕ್ಷರ ಬರೆಸಿ, ಬೆರಳಲ್ಲಿ ಮುಟ್ಟಿಸಿ, ಜೋರಾಗಿ ಹೇಳಿಸಿ, ಪದವನ್ನು ಸದ್ದು ಸದ್ದಾಗಿ ಬಿಡಿಸಿ, ಅದನ್ನೇ ಮತ್ತೆ ಮತ್ತೆ, ದಿನಾ ಸ್ವಲ್ಪ ಸ್ವಲ್ಪ ಮಾಡಿಸಬೇಕು. ನಮ್ಮ ಅಜ್ಜಂದಿರು ಮರಳಿನ ಮೇಲೆ ತಿದ್ದಿ ಅಕ್ಷರ ಕಲಿತದ್ದು ನೆನಪಾಗುತ್ತದೆ. ಕಣ್ಣು, ಕಿವಿ, ಕೈ ಮೂರನ್ನೂ ಒಟ್ಟಿಗೆ ಬಳಸುವ ಈ ದಾರಿಯನ್ನೇ ಅಮೆರಿಕದ ಸ್ಯಾಮ್ಯುಯೆಲ್ ಆರ್ಟನ್ ಮತ್ತು ಆನಾ ಗಿಲ್ಲಿಂಗ್‌ಹ್ಯಾಮ್ ಕಳೆದ ಶತಮಾನದಲ್ಲಿ ಕ್ರಮವಾದ ಪಾಠವಾಗಿ ಕಟ್ಟಿದರು.

ಅಂಥ ಶಿಕ್ಷಕರನ್ನು ನೇಮಿಸಿ ಎಂದು ಸುಪ್ರೀಂ ಕೋರ್ಟ್ 2021ರ ಅಕ್ಟೋಬರ್‌ನಲ್ಲಿ ಹೇಳಿತು. 2022ರಲ್ಲಿ ಕೇಂದ್ರ ಸರ್ಕಾರ ಲೆಕ್ಕವನ್ನೂ ನಿಗದಿ ಮಾಡಿತು: ಕಿರಿಯ ಪ್ರಾಥಮಿಕದಲ್ಲಿ ವಿಶೇಷ ಅಗತ್ಯವುಳ್ಳ 10 ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕ, ಅದರ ಮೇಲಿನ ತರಗತಿಗಳಲ್ಲಿ 15ಕ್ಕೆ ಒಬ್ಬ. 2025ರ ಮಾರ್ಚ್‌ನಲ್ಲಿ ಕೋರ್ಟ್ ಮತ್ತೆ ಎಲ್ಲ ರಾಜ್ಯಗಳಿಗೂ ಹುದ್ದೆ ಮಂಜೂರು ಮಾಡಿ ಎಂದು ಆದೇಶ ಕೊಡಬೇಕಾಗಿ ಬಂತು. ಒಂದೇ ಮಾತನ್ನು ಎರಡು ಸಲ ಹೇಳಬೇಕಾಯಿತು ಎಂದರೆ ಅರ್ಥ ಮಾಡಿಕೊಳ್ಳಿ.

ಪರೀಕ್ಷೆಯ ವಿಷಯದಲ್ಲಿ ಕೋರ್ಟಿನ ಇನ್ನೊಂದು ಮಾತು ನಮಗೆ ಉಪಯೋಗದ್ದು. 2021ರ ಫೆಬ್ರುವರಿಯಲ್ಲಿ, ಕೈ ಬರವಣಿಗೆಯ ತೊಂದರೆ ಇದ್ದ ಅಭ್ಯರ್ಥಿಯೊಬ್ಬರ ಪ್ರಕರಣದಲ್ಲಿ, ಬರೆಯುವ ಸಹಾಯಕರನ್ನು ಕೊಡಲು 40 ಪರ್ಸೆಂಟ್ ವೈಕಲ್ಯ ಇರಲೇಬೇಕು ಎನ್ನುವುದು ಸರಿಯಲ್ಲ ಎಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. “ನಿಮ್ಮ ಹುಡುಗನದ್ದು ಪರ್ಸೆಂಟ್ ಸಾಲದು” ಎಂದು ಯಾರಾದರೂ ಕಳಿಸಿದರೆ ಈ ಮಾತು ನೆನಪಿರಲಿ.

ಹಳ್ಳಿಯಲ್ಲಿ ಇರುವ ಬಾಗಿಲುಗಳು

ಇತಿಹಾಸ ಓದಿ ಏನು ಮಾಡುವುದು ಎಂದು ಕೇಳುವವರಿಗೆ ಇಷ್ಟು.

ಮಗುವಿಗೆ ಎಂಟು ವರ್ಷ ಆಗುವವರೆಗೆ ಗಮನಿಸಿ. ಬಾಯಲ್ಲಿ ಚೆನ್ನಾಗಿ ಹೇಳುತ್ತದೆ, ಪುಸ್ತಕ ಹಿಡಿದರೆ ಅಳುತ್ತದೆ, ವರ್ಷ ಕಳೆದರೂ ಕಾಗುಣಿತ, ಒತ್ತು ನಿಲ್ಲುವುದಿಲ್ಲ ಎಂದರೆ ಹೊಡೆಯಬೇಡಿ. ಮೊದಲು ಕಣ್ಣು, ಕಿವಿ ತೋರಿಸಿ.

ಮುಖ್ಯ ಶಿಕ್ಷಕರಿಗೆ ಬಿಳಿ ಹಾಳೆಯಲ್ಲಿ ಒಂದು ಅರ್ಜಿ ಬರೆದು, ಮಗುವಿನ ಕಲಿಕಾ ನ್ಯೂನತೆಯ ತಪಾಸಣೆ ಮಾಡಿಸಿ ಎಂದು ಕೇಳಿ. ಸ್ವೀಕೃತಿ ಸಹಿ ಪಡೆದ ಪ್ರತಿ ನಿಮ್ಮ ಹತ್ತಿರ ಇರಲಿ. ಎನ್‌ಸಿಇಆರ್‌ಟಿಯ ‘ಪ್ರಶಸ್ತ್’ ಎಂಬ ತಪಾಸಣಾ ಪಟ್ಟಿ ಮತ್ತು ಆ್ಯಪ್ 2022ರಿಂದ ಶಿಕ್ಷಕರಿಗೆ ಲಭ್ಯ ಇದೆ.

ತಾಲ್ಲೂಕಿನ ಬಿಆರ್‌ಸಿ ಕಚೇರಿಯಲ್ಲಿ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರು ಇರುತ್ತಾರೆ, ಬಿಐಇಆರ್‌ಟಿ ಎನ್ನುತ್ತಾರೆ. ಅವರನ್ನು ಹೆಸರು ಹಿಡಿದು ಕೇಳಿ. ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರಿಗೂ ದಾರಿ ಗೊತ್ತಿರುತ್ತದೆ.

ಶಾಲೆಗೆ ಮಕ್ಕಳ ಆರೋಗ್ಯ ತಪಾಸಣೆಗೆ ಬರುವ ಆರ್‌ಬಿಎಸ್‌ಕೆ ತಂಡ ನೋಡಬೇಕಾದ ಸಮಸ್ಯೆಗಳಲ್ಲಿ ಕಲಿಕೆಯ ತೊಂದರೆಯೂ ಒಂದು. ಹಲ್ಲು, ರಕ್ತಹೀನತೆ ನೋಡಿ ಹೊರಟರೆ, ಇದನ್ನೂ ನೋಡಿ ಎನ್ನಿ. ಅವರು ಚೀಟಿ ಕೊಟ್ಟರೆ ಜಿಲ್ಲಾ ಆಸ್ಪತ್ರೆಗೆ ಹೋಗುವುದು ಸುಲಭ.

ಹತ್ತನೇ ಕ್ಲಾಸಿನ ರಿಯಾಯಿತಿಗೆ ಅರ್ಜಿ ಹೋಗುವುದು ಶಾಲೆಯ ಮೂಲಕ. ಪರೀಕ್ಷೆಗೆ ಹೆಸರು ನೋಂದಾಯಿಸುವ ಹೊತ್ತಿಗೆ ಸರ್ಟಿಫಿಕೇಟ್ ಕೈಯಲ್ಲಿರಬೇಕು. ಒಂಬತ್ತನೇ ಕ್ಲಾಸಿನಲ್ಲೇ ಓಡಾಟ ಶುರು ಮಾಡಿ.

ಇನ್ನೊಂದು ಮಾತು. ಸರ್ಟಿಫಿಕೇಟ್ ಬಂದರೆ ‘ಅಂಗವಿಕಲ’ ಎಂಬ ಹೆಸರು ಬರುತ್ತದೆ, ನಾಳೆ ಮದುವೆಗೆ ತೊಂದರೆ ಎಂದು ಹೆದರುವವರಿದ್ದಾರೆ. ಹೆಣ್ಣುಮಕ್ಕಳ ಮನೆಯಲ್ಲಿ ಈ ಹೆದರಿಕೆ ಹೆಚ್ಚು. ಆದರೆ ಹೆಸರು ಆಗಲೇ ಬಿದ್ದಿರುತ್ತದೆ: ದಡ್ಡಿ ಎಂದು. ಎರಡರಲ್ಲಿ ಒಂದು ಹೆಸರಿಗೆ ಮಾತ್ರ ಹಕ್ಕು ಇದೆ.

ಹಳಿ ದಾಟಿದ ದಿನ

ಆ ತಾಯಿಗೆ ನಾವು ಇದನ್ನೆಲ್ಲ ಹೇಳಿದೆವು. ಅವರು ಕೆಲಸಕ್ಕೆ ಒಂದು ದಿನ ರಜೆ ಹಾಕಿ ಮಗನ ಶಾಲೆಗೆ ಅರ್ಜಿ ಕೊಟ್ಟರು. ಆಸ್ಪತ್ರೆಯಲ್ಲಿ ಮುಂದಿನ ದಿನಾಂಕ ಕೊಟ್ಟಿದ್ದಾರಂತೆ. ಒಂದು ದಿನದ ರಜೆ ಎಂದರೆ ಒಂದು ದಿನದ ಸಂಬಳ ಕಟ್. ಇನ್ನೂ ಎಷ್ಟು ದಿನ ಬೇಕೋ.

ಮೊನ್ನೆ ಫೋನ್ ಮಾಡಿದ್ದರು. ಸಿಗುತ್ತದೆ ಎಂಬ ಧೈರ್ಯ ಬಂದಿದೆ. ಆದರೂ ಕೊನೆಗೆ ಒಂದು ಮಾತು ಕೇಳಿದರು.

“ಅಣ್ಣಾ, ಪರೀಕ್ಷೆಲಿ ಇವನ ಬದಲು ಬೇರೆಯವರು ಬರೀತಾರೆ, ಪಾಸಾಗ್ತಾನೆ, ಸರಿ. ಆದ್ರೆ ಇವನಿಗೆ ಓದಕ್ಕೆ ಯಾರು ಕಲಿಸ್ತಾರೆ?”

ನಾವು ಮೇಲೆ ಬರೆದದ್ದೆಲ್ಲ ಈ ಒಂದು ಪ್ರಶ್ನೆಯ ಸುತ್ತ. ನಮ್ಮ ನಾಡಿನಲ್ಲಿ ಅಳತೆಗೋಲು ಇದೆ, ಕಾನೂನು ಇದೆ, ಮಂಡಳಿ ಇದೆ. ಮೂರೂ ಬೆಂಗಳೂರಿನಲ್ಲಿ ಅವರ ಮನೆಯ ಸುತ್ತಮುತ್ತಲೇ ಇವೆ. ಮೂರನೇ ಕ್ಲಾಸಿನ ಕೊಠಡಿಯಲ್ಲಿ ಆ ಮಗುವಿನ ಪಕ್ಕ ಕೂರುವ ಶಿಕ್ಷಕರು ಮಾತ್ರ ಇನ್ನೂ ಬರಬೇಕು.

ಅವರ ಮನೆಯಲ್ಲಿ ಇನ್ನೊಬ್ಬ ಚಿಕ್ಕ ಮಗಳಿದ್ದಾಳೆ. ಈ ವರ್ಷ ಎರಡನೇ ಕ್ಲಾಸು. ಅವಳಿಗೂ ಒತ್ತಕ್ಷರ ತಡವಾಗುತ್ತಿದೆ ಎಂದರು. ಈ ಸಲ ಅವರು ಹತ್ತನೇ ಕ್ಲಾಸಿನವರೆಗೆ ಕಾಯುವುದಿಲ್ಲವಂತೆ. ಅಣ್ಣನ ಅರ್ಜಿ ಕೊಡಲು ಹೋದ ದಿನವೇ ತಂಗಿಯ ಶಾಲೆಗೂ ಹೋಗಿ ಇನ್ನೊಂದು ಅರ್ಜಿ ಕೊಟ್ಟು, ಸ್ವೀಕೃತಿ ತಂದಿದ್ದಾರೆ.